ನಡೆಯಬಲ್ಲವಳನ್ನು ಹೊತ್ತ ಮೂರು ದಿನ

ನಾನು ಒಂದು ಗಾಲಿಕುರ್ಚಿ. ಆ ದಿನ ಬೆಳಿಗ್ಗೆ ಪ್ರಾಗ್ ನಗರದ ಬಾಡಿಗೆ ಅಂಗಡಿಯಲ್ಲಿ ಒಡತಿ ಲುದ್ಮಿಲಾ ಎಂದಿನಂತೆ ನನ್ನ ಚಕ್ರಗಳಿಗೆ ಎಣ್ಣೆ ಬಿಡುತ್ತಿದ್ದಳು. ಎಡಚಕ್ರ ಮುಗಿದು ಬಲಕ್ಕೆ ಬರುವಷ್ಟರಲ್ಲಿ ಒಬ್ಬ ಬಾಗಿಲು ತಳ್ಳಿಕೊಂಡು ಬಂದ. ಎಣ್ಣೆಯ ಡಬ್ಬಿ ಅಲ್ಲೇ ಉಳಿಯಿತು.

ನಾನು ಹುಟ್ಟಿದ್ದು ಬೆಟ್ಟದ ತಪ್ಪಲಿನ ಸಣ್ಣ ಕಾರ್ಖಾನೆಯಲ್ಲಿ. ಹನ್ನೊಂದು ವರ್ಷ ಆಸ್ಪತ್ರೆಯಲ್ಲಿ ದುಡಿದೆ. ಕಾಲು ಕಳೆದುಕೊಂಡವರು, ಸೊಂಟ ಮುರಿದವರು ನನ್ನ ಮೇಲೆ ಕೂತು ಅತ್ತರು, ಆಮೇಲೆ ನಗಲು ಕಲಿತರು. ಆಸನದ ಬಟ್ಟೆ ಸವೆದ ಮೇಲೆ ಲುದ್ಮಿಲಾ ನನ್ನನ್ನು ಕೊಂಡು ಹೊಸ ಆಸನ ಹೊಲಿಸಿದಳು.

ಬಂದವನು ದಾವಣಗೆರೆಯಿಂದ ಪ್ರವಾಸ ಬಂದಿದ್ದ ವಾಗೀಶ. ಮೂರು ದಿನಕ್ಕೆ ನನ್ನನ್ನು ಬಾಡಿಗೆಗೆ ಪಡೆದು ಹೋಟೆಲಿಗೆ ತಳ್ಳಿಕೊಂಡು ಹೋದ. ಹೋಟೆಲಿನ ಬಾಗಿಲಲ್ಲಿ ಅವನ ತಾಯಿ ಬಸಲಿಂಗಮ್ಮ, ಹೆಂಡತಿ ಶೈಲಜಾ, ಏಳು ವರ್ಷದ ಮಗಳು ಇಂಚರ ಕಾದಿದ್ದರು. ಕಾಲು ನೋಡಿದರೆ ನನಗೆ ತಿಳಿಯುತ್ತದೆ. ಬಸಲಿಂಗಮ್ಮನ ಗಟ್ಟಿ ಕಾಲುಗಳಿಗೆ ನಾನು ಬೇಕಿರಲಿಲ್ಲ.

ಇಂಗ್ಲಿಷ್ ಬಾರದ ಹಿರಿಯರು ದಾರಿ ತಪ್ಪದಿರಲೆಂದು ವಿಮಾನದ ಟಿಕೆಟ್ಟಿನಲ್ಲೇ ಗಾಲಿಕುರ್ಚಿ ಬೇಕೆಂದು ಬರೆಸುವುದು ಅವರ ಕಡೆಯ ವಾಡಿಕೆಯಂತೆ. ಇಲ್ಲಿ ಇಳಿದಾಗ ನಿಲ್ದಾಣದವರು ತಾಯಿಯ ಜೊತೆ ಇಡೀ ಮನೆಯವರನ್ನು ಸಾಲು ತಪ್ಪಿಸಿ ಮುಂದೆ ಬಿಟ್ಟಿದ್ದರು. ವಾಗೀಶನಿಗೆ ಆ ರುಚಿ ಹತ್ತಿತ್ತು.

‘ಕುಂತ್ಕಳವ್ವ. ಮೂರು ದಿನ ಮಹಾರಾಣಿ ನೀನು,’ ಎಂದ.

‘ಆ ಕಲ್ಲಿನ ಸೇತುವೆ ಮ್ಯಾಲೆ ಒಂದ್ಸಲ ನಡೀಬೇಕಪ್ಪ. ಅದೊಂದೇ ಆಸೆ.’

‘ಕೊನೇ ದಿನ ನಡೀವಂತಿ ಬಿಡವ್ವ.’

ಕೋಟೆ, ಅರಮನೆ, ಎಲ್ಲೆಲ್ಲೂ ಕಾವಲುಗಾರರು ನನ್ನನ್ನು ಕಂಡು ಹಗ್ಗ ಸರಿಸಿದರು. ಮೆಟ್ಟಿಲಿದ್ದ ಕಡೆ ಮಗ, ಸೊಸೆ, ಮೊಮ್ಮಗಳು ಹತ್ತಿ ಹೋದರು. ಬಸಲಿಂಗಮ್ಮ ಎಲ್ಲರ ಚೀಲಗಳನ್ನು ತೊಡೆಯ ಮೇಲೆ ಹೇರಿಕೊಂಡು ಕೆಳಗೇ ಕೂತಳು. ಒಮ್ಮೆ ಎದ್ದು ನಿಂತದ್ದಕ್ಕೆ ಶೈಲಜಾ ಭುಜ ಅದುಮಿ ಕೂರಿಸಿದಳು. ‘ಅತ್ತೆ, ಮಾನ ಕಳೀಬ್ಯಾಡ್ರಿ. ಎಲ್ರೂ ನೋಡ್ತಾರೆ.’

ಕೊನೆಯ ದಿನ ಸೇತುವೆಯ ಬುಡದಲ್ಲಿ ದೋಣಿಗೆ ಉದ್ದ ಸಾಲಿತ್ತು. ವಾಗೀಶ ನನ್ನನ್ನು ಎಲ್ಲರಿಗಿಂತ ಮುಂದೆ ತಂದು ನಿಲ್ಲಿಸಿದ.

‘ಪಾಯಖಾನೆಗೆ ಹೋಗ್ಬೇಕಪ್ಪ,’ ಎಂದಳು ತಾಯಿ. ಅದು ಇಪ್ಪತ್ತು ಮೆಟ್ಟಿಲು ಮೇಲೆ, ಸೇತುವೆಯ ಪಕ್ಕದಲ್ಲಿತ್ತು.

‘ಈಗ ನೀನು ಎದ್ದು ಮೆಟ್ಲು ಹತ್ತಿದ್ರೆ ಹೆಂಗವ್ವ? ಟಿಕೆಟ್ ನೋಡೋನು ಇಲ್ಲೇ ನಿಂತಾನೆ. ದೋಣಿ ಹತ್ತಿದ ಮ್ಯಾಲೆ ನೋಡಾನ.’

‘ತಡಿಯಾಕ ಆಗಲ್ಲಪ್ಪ.’

‘ಹಟ ಮಾಡ್ಬ್ಯಾಡ. ಚಿಕ್ಕ ಕೂಸಾ ನೀನು?’

ಆಕೆ ತಲೆ ತಗ್ಗಿಸಿದಳು. ಸ್ವಲ್ಪ ಹೊತ್ತಿಗೆ ನನ್ನ ಆಸನ ಬೆಚ್ಚಗಾಯಿತು. ಆಸ್ಪತ್ರೆಯಲ್ಲಿ ಇಂಥದ್ದು ಎಷ್ಟೋ ಸಲ ಆಗಿತ್ತು, ಯಾರೂ ಬೈದಿರಲಿಲ್ಲ. ಇಲ್ಲಿ ಹನಿಗಳು ಕಲ್ಲಿನ ಮೇಲೆ ಬಿದ್ದಾಗ ಶೈಲಜಾ ಮೂಗಿಗೆ ಕೈಯಿಟ್ಟು ದೂರ ಸರಿದಳು. ವಾಗೀಶ ಜಾಕೆಟ್ ಕಳಚಿ ತಾಯಿಯ ಮಡಿಲಿಗೆ ಎಸೆದ. ‘ಮುಚ್ಕ. ದೋಣಿ ಬಂತು,’ ಎಂದು ನನ್ನನ್ನು ತಳ್ಳಿದ.

ಆ ಆಸನ ಮತ್ತೆ ಸರಿಹೋಗಲಿಲ್ಲ. ಈಗ ನಾನು ಲುದ್ಮಿಲಾಳ ನೆಲಮಾಳಿಗೆಯಲ್ಲಿ ಮಡಿಚಿ ಬಿದ್ದಿದ್ದೇನೆ. ಎಷ್ಟೋ ಜನರಿಗೆ ಕಾಲಾಗಿದ್ದೆ ಎಂಬ ಹೆಮ್ಮೆಯಿತ್ತು. ಒಬ್ಬಳ ಕಾಲು ಕಟ್ಟಿದ್ದೂ ನಾನೇ. ಕತ್ತಲಲ್ಲಿ ನೆನಪಾಗುವುದು ವಾಗೀಶ ನನ್ನನ್ನು ದೋಣಿಯತ್ತ ತಳ್ಳಿದ ಆ ಕ್ಷಣ. ಮೂರು ದಿನವೂ ಏನೋ ಕೇಳಲು ಬಾಯಿ ತೆರೆದು ಅಮ್ಮನ ಕಣ್ಣಿಗೆ ಹೆದರಿ ಮುಚ್ಚುತ್ತಿದ್ದ ಇಂಚರ, ಓಡಿಬಂದು ನನ್ನ ಚಕ್ರಕ್ಕೆ ಅಡ್ಡ ನಿಂತಳು. ಸಾಲಿನವರೆಲ್ಲ ತಿರುಗುವಷ್ಟು ಗಟ್ಟಿಯಾಗಿ ಕೇಳಿದಳು:

‘ಅಪ್ಪಾ, ದಿನಾ ನನ್ನ ಸ್ಕೂಲಿಗೆ ನಡೆಸ್ಕಂಡು ಹೋಗೋದು ಅಜ್ಜಿನೇ ಅಲ್ವಾ? ಇಲ್ಲಿ ಅಜ್ಜಿನ ಯಾಕೆ ಏಳಾಕ್ ಬಿಡಲ್ಲ ನೀನು?’