ನಾಲ್ಕು ಮೊಳದ ಬಾಗಿಲು

ಮೀಟರಿನ ಮೇಲೆ ವಿರೂಪಾಕ್ಷ ಮಾಸ್ತರಿಗೆ ಇದ್ದ ಸಿಟ್ಟು ದಾಯಾದಿಗಳ ಮೇಲೂ ಇರಲಿಲ್ಲ. ರಾಮದುರ್ಗದ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತರಾಗಿ, ಸಂಪಗಾಂವದಲ್ಲಿ ಮನೆ ಕಟ್ಟಿಸಲು ನಿಂತಾಗ ಆ ಸಿಟ್ಟಿಗೆ ಕೈತುಂಬ ಕೆಲಸ ಸಿಕ್ಕಿತು.

"ಮೀಟರ್ ಅಂದ್ರ ಏನಪಾ?" ಎಂದು ಬಡಿಗ ಮಡಿವಾಳೆಪ್ಪನನ್ನು ಹಿಡಿದು ನಿಲ್ಲಿಸಿದರು. "ಯಾವುದೋ ದೇಶದಾಗ ನಾಕ ಮಂದಿ ಕುಂತು ಇಷ್ಟಕ್ಕ ಮೀಟರ್ ಅನ್ನೂಣು ಅಂದ್ರು, ನಾವು ಹೂಂ ಅಂದ್ವಿ. ಅಳತಿ ನಿಸರ್ಗದಾಗ ಇರಬೇಕು. ಮನಿ ಮಾಲಕರ ಮೊಣಕೈಯಿಂದ ನಡುಬೆರಳಿನ ತುದಿತನಕ ಒಂದು ಮೊಳ. ತಲಬಾಗಲಾ ಅಂಥಾ ನಾಕ ಮೊಳ ಎತ್ತರ ಇರ್ಲಿ. ಟೇಪ್ ಹೊರಗ ತಗದೀ ಅಂದ್ರ ನೋಡು!"

"ಆತ್ರೀ ಸರ," ಎಂದ ಮಡಿವಾಳೆಪ್ಪ.

ಅಷ್ಟರಲ್ಲಿ ಹಳೆಯ ಕಾಲೇಜಿನವರು ಇದೇ ವಿಷಯದ ಭಾಷಣಕ್ಕೆ ಕರೆದರು. ಹೋಗದಿದ್ದರೆ ಮಾಸ್ತರಿಗೆ ಉಂಡ ಅನ್ನ ಅರಗುತ್ತಿರಲಿಲ್ಲ. ಬಾಗಿಲಿನ ಚೌಕಟ್ಟು ನಿಲ್ಲಿಸುವ ಪೂಜೆಯ ದಿನ ಮರಳಿ ಬರುವಾಗ ಬಸ್ಸು ಯರಗಟ್ಟಿಯಲ್ಲಿ ಕೆಟ್ಟು ನಿಂತಿತು. ಮುಹೂರ್ತ ಅವರಿಗಾಗಿ ಕಾಯಲಿಲ್ಲ.

ಊರು ಮುಟ್ಟಿದಾಗ ಚೌಕಟ್ಟು ಅರಿಷಿಣ ಕುಂಕುಮ ಹಚ್ಚಿಸಿಕೊಂಡು ನಿಂತಿತ್ತು. ನನ್ನ ಮನೆ, ನನ್ನ ಅಳತೆ ಎಂದು ಉಬ್ಬಿಹೋದ ಮಾಸ್ತರು ಎದೆಯೆತ್ತಿ ಒಳಗೆ ನಡೆದರು. ಹಣೆ ಮೇಲಿನ ಅಡ್ಡಪಟ್ಟಿಗೆ ಫಟ್ಟೆಂದು ಬಡಿಯಿತು.

"ಮಡಿವಾಳೆಪ್ಪಾ! ನನ್ನ ಮೊಳ ಇಷ್ಟ ಸಣ್ಣದೇನು?"

"ನಿಮ್ಮದಲ್ರೀ ಸರ. ಮಾಲಕರದು ಅಂದಿದ್ರಿ. ಜಾಗಾ ಯಾರ ಹೆಸರಲೆ ಐತಿ ಅಂತ ಕೇಳಿದೆ, ಅಕ್ಕಾರು ಕೈ ಚಾಚಿದ್ರು."

ಜಾಗ ಹೆಂಡತಿ ಅನ್ನಪೂರ್ಣಾಗೆ ತವರಿನಿಂದ ಬಂದದ್ದು. ಊರಿಗೆಲ್ಲ ಗೊತ್ತಿದ್ದ ಸಂಗತಿ. ನನ್ನ ಮನೆ, ನನ್ನ ಮನೆ ಎಂದು ಹೇಳುತ್ತ ಮಾಸ್ತರೊಬ್ಬರೇ ಅದನ್ನು ಮರೆತಿದ್ದರು.

"ತಪ್ಪಾತೇನ್ರಿ?" ಎಂದಳು ಅನ್ನಪೂರ್ಣಾ. "ನೀವ ಹೇಳಿದ್ರಿ ಅಂತ ಕೈ ಕೊಟ್ಟೆ." ಆ ದನಿಯಲ್ಲಿ ಕುಹಕ ಇರಲಿಲ್ಲ. ಅದೇ ಅವರನ್ನು ಹಣೆಯ ಪೆಟ್ಟಿಗಿಂತ ಹೆಚ್ಚು ನೋಯಿಸಿತು.

ಮಡಿವಾಳೆಪ್ಪ ಪಾಪ, ದಾರಿ ತೋರಿಸಿದ. "ಪೂಜಾ ಮಾಡಿದ ಅಯ್ಯನವರನ್ನ ಕೇಳಿ ಬಿಚ್ಚಿ ಎತ್ತರ ಮಾಡೂಣೇನ್ರಿ? ಆದ್ರ ಈ ಸಲ ಟೇಪ್ ಹಿಡೀತೇನ್ರಿ."

ಟೇಪ್ ತರಿಸಿದರೆ ನಿನ್ನೆಯ ಭಾಷಣವೆಲ್ಲ ನೀರಿನ ಪಾಲು. ತಮ್ಮ ಕೈ ಚಾಚಿದರೆ ಹೆಂಡತಿ ಮಾಲಕಿಯಲ್ಲ ಎಂದು ಅವಳೆದುರೇ ಹೇಳಬೇಕು. ಮಾಸ್ತರು ಬುಗುಟೆಯೆದ್ದ ಹಣೆ ಸವರಿಕೊಂಡರು. ನಾಚಿಕೆಯಾಯಿತು, ನಿಜವಾಗಿಯೂ ಆಯಿತು.

"ಏನೂ ಬ್ಯಾಡ. ಅಳತಿ ಬರೋಬ್ಬರಿ ಐತಿ," ಎಂದು ತಲೆ ಬಗ್ಗಿಸಿ ಒಳಗೆ ಹೋದರು.

ಅನ್ನಪೂರ್ಣಾ ಹಿಂದಿನಿಂದ ನೆಟ್ಟಗೆ ನಡೆದು ಬಂದು ಚಾಪೆ ಹಾಸಿದಳು.

"ಬರ್ರಿ, ಕುಂಡ್ರಿ," ಎಂದಳು, ಮನೆಗೆ ಬಂದ ಬೀಗರಿಗೆ ಹೇಳುವ ಹಾಗೆ.