ಡ್ರೈಯರ್ ಯಾಕೆ ನಿಲ್ಲುತ್ತಿತ್ತು?

ಪುಣೆಯ ಮಳೆಗೆ ಒಂದು ಚಾಳಿ ಇದೆ. ಹೊರಟೆನೆಂದು ಎದ್ದ ನೆಂಟ ಮತ್ತೆ ಚಾಪೆಯ ಮೇಲೆ ಕೂತಂತೆ, ನಿಂತ ಹಾಗೆ ಮಾಡಿ ಮತ್ತೆ ಹಿಡಿಯುತ್ತದೆ. 2003ರ ಆಷಾಢದಲ್ಲಿ ಹೀಗೇ ಒಂಬತ್ತು ದಿನ ಸುರಿಯಿತು. ಶಿವಾಜಿನಗರ ಸ್ಟೇಷನ್ನಿನ ಹಿಂದಿನ ಓಣಿಯಲ್ಲಿ ಯಾರ ಹಗ್ಗದ ಮೇಲಿನ ಬಟ್ಟೆಯೂ ಒಣಗಲಿಲ್ಲ.

ಅದೇ ಓಣಿಯಲ್ಲಿ ಬಾಬು ಮತ್ತು ಅವನ ಹೆಂಡತಿ ಶಿವಕಾಂತಾ ಸಣ್ಣ ಲಾಂಡ್ರಿ ಇಟ್ಟಿದ್ದರು. ಆಳಂದದ ಕಡೆಯಿಂದ ಗಾರೆ ಕೆಲಸಕ್ಕೆ ಬಂದವರು ಈಗ ಒಂದು ನರ್ಸಿಂಗ್ ಹೋಮಿನ ಚಾದರ ಒಗೆದು ಕೊಡುತ್ತಿದ್ದರು. ಮುಚ್ಚಿಹೋದ ಹೋಟೆಲಿನಿಂದ ತಂದ ಹಳೆಯ ಡ್ರೈಯರ್ ಅವರ ಪಾಲಿಗೆ ಮನೆಯೊಳಗಿನ ಬಿಸಿಲು. ಬಟ್ಟೆ ಒಳಗೆ ಗರಗರ ತಿರುಗುತ್ತಿತ್ತು. ಅದನ್ನು ಒಣಗಿಸಿದ ಬಿಸಿಗಾಳಿ ಹಿಂದಿನ ಕೊಳವೆಯಿಂದ ಹೊರಗೆ ಹೋಗುತ್ತಿತ್ತು. ಬಾಬುವಿನ ತಾಯಿ ಸಕ್ಕುಬಾಯಿ ಕೌದಿಯನ್ನು ಮಡಚಿ ಬೆನ್ನಿಗಿಟ್ಟು, ಯಂತ್ರದ ಬದಿಯ ಬೆಚ್ಚನೆಯ ತಗಡಿಗೆ ಒರಗಿ, ನೋಯುವ ಮೊಳಕಾಲು ಚಾಚಿ ತೂಕಡಿಸುತ್ತಿದ್ದಳು.

ಮೂರು ದಿನದಿಂದ ಡ್ರೈಯರ್ ಹತ್ತು ನಿಮಿಷ ತಿರುಗಿ ನಿಂತುಬಿಡುತ್ತಿತ್ತು. ಕಾವು ಆರಿದ ಮೇಲೆ ಮತ್ತೆ ಹೊರಡುತ್ತಿತ್ತು, ಮತ್ತೆ ನಿಲ್ಲುತ್ತಿತ್ತು. ಮರುದಿನ ಬೆಳಗ್ಗೆ ಅರವತ್ತು ಚಾದರ ಕೊಡಬೇಕು. ಬಾಬು ಹಿಂದಿನ ತಗಡು ಬಿಚ್ಚಿದ. ಅಂಗಿಯ ಗುಂಡಿಯಂಥ ಒಂದು ಸಣ್ಣ ಸಾಮಾನು ಕಣ್ಣಿಗೆ ಬಿತ್ತು. “ಇದೇ ಕೆಟ್ಟದ ನೋಡು,” ಎಂದವನೇ ಅದನ್ನು ಬದಿಗೆ ಬಿಟ್ಟು, ತುಂಡು ತಂತಿಯಿಂದ ಕರೆಂಟಿಗೆ ಬೇರೆ ದಾರಿ ಮಾಡಿಬಿಟ್ಟ.

ಡ್ರೈಯರ್ ಓಡಿತು. ನಿಲ್ಲಲೇ ಇಲ್ಲ.

ಶಿವಕಾಂತಾಳಿಗೆ ಮಾತ್ರ ಕೂತಲ್ಲಿ ಕೂರಲಾಗಲಿಲ್ಲ. ಬಾಗಿಲಿಗೆ ಹೋದಳು, ಬಂದಳು. ತಗಡು ಮುಟ್ಟಿ ಕೈ ಹಿಂದೆಗೆದಳು. ಹೊರಗೆ ಬಂದ ಚಾದರ ಹಪ್ಪಳದಂತೆ ಸೆಟೆದಿತ್ತು; ಅಂಚು ಕಂದುಬಣ್ಣಕ್ಕೆ ತಿರುಗಿತ್ತು. ತವೆಯ ಮೇಲೆ ಮರೆತ ರೊಟ್ಟಿಯ ವಾಸನೆ.

“ರೀ, ಏನೋ ಸುಟ್ಟಂಗ ವಾಸನಿ ಬರ್ಲಿಕತ್ತದ.”

“ಮಶೀನ್ ನಿಂತ್ರ ಅಳ್ತಿ, ನಡದ್ರ ಅಂಜ್ತಿ,” ಎಂದು ಬಾಬು ನಕ್ಕ. “ಅದಕ ಆರತಿ ಎತ್ತಲೇನು ಮತ್ತ?”

“ಅತ್ತಿ, ನೀವರೇ ಆ ಕಡಿ ಕೂಡ್ರಿ.”

“ಇಲ್ಲೇ ಹಿತ ಅದವಾ,” ಎಂದಳು ಸಕ್ಕುಬಾಯಿ, ಕಣ್ಣು ಮುಚ್ಚಿಕೊಂಡೇ. “ನಿನ್ನಿಗಿಂತ ಇವತ್ತ ಛಲೋ ಕಾಯ್ಲಿಕತ್ತದ.”

ಆ ಮಾತು ಕೇಳಿದ್ದೇ ತಡ, ಶಿವಕಾಂತಾ ಮಳೆಯಲ್ಲೇ ಪಕ್ಕದ ಮನೆಗೆ ಓಡಿದಳು. ಅಲ್ಲಿದ್ದವಳು ಸುಲಭಾ, ಐಟಿಐಯಲ್ಲಿ ವೈರಮನ್ ಕೆಲಸ ಕಲಿತು ಪಿಂಪ್ರಿಯ ಕಾರ್ಖಾನೆಯಲ್ಲಿ ಯಂತ್ರ ನೋಡಿಕೊಳ್ಳುವವಳು. ಹಿಂದಿನ ವಾರವಷ್ಟೇ ಇಬ್ಬರಿಗೂ ಜಗಳವಾಗಿತ್ತು. ಆದರೂ ಶಿವಕಾಂತಾ ಬಾಗಿಲು ಬಡಿದಳು.

ಸುಲಭಾ ಬಂದವಳೇ ಮೇನ್ ಸ್ವಿಚ್ ಇಳಿಸಿದಳು.

“ಏ ಸುಲಭಕ್ಕ! ಅರವತ್ತ ಚಾದರ ನೀವು ಒಣಗಿಸಿ ಕೊಡ್ತೀರೇನ್ರಿ?” ಎಂದು ಬಾಬು ಕೂಗಿದ.

“ಮನಿ ಸುಟ್ರ ಯಾವ ಚಾದರ ಕೊಡ್ತೀ ಬಾಬಣ್ಣ? ಮೊದ್ಲ ಆಯೀನ ಎಬ್ಬಿಸು!”

ಬಾಬು ತಾಯಿಯನ್ನು ಎಬ್ಬಿಸಿದ. ಕೌದಿ ಜಾರಿ ಬಿತ್ತು. ತಗಡಿಗೆ ತಾಗಿದ್ದ ಕಡೆ ಅಂಗೈಯಗಲ ಕಂದಿ ಹೋಗಿತ್ತು.

ಯಂತ್ರ ತಣ್ಣಗಾದ ಮೇಲೆ ಸುಲಭಾ ಹೊರಗೆ ಹೋಗಿ ಕೊಳವೆಯ ಬಾಯಿ ನೋಡಿದಳು. ಅದಕ್ಕೆ ಹಳೆಯ ಸೀರೆಯ ತುಂಡು ಬಿಗಿದು ಕಟ್ಟಿತ್ತು.

“ಇದನ್ನ ಯಾರ ಕಟ್ಟಿದ್ರಿ?”

“ನಾನೇರಿ,” ಎಂದಳು ಶಿವಕಾಂತಾ. “ಅರಿವೀ ಧೂಳ ನಿಮ್ಮ ನೀರಿನ ಹಂಡೇದಾಗ ಬೀಳ್ತದಂತ ನೀವ ಬೈದ್ರಲ್ಲ, ಅದಕ್ಕ.”

“ಅಯ್ಯ, ಸುಡ್ಲಿ ನನ್ನ ಹಂಡೆ! ಒಂದ ಮುಚ್ಚಳ ಮುಚ್ಚಿದ್ರ ಮುಗೀತಿತ್ತು,” ಎಂದು ಸುಲಭಾ ನಾಲಿಗೆ ಕಚ್ಚಿಕೊಂಡಳು.

ಸೀರೆ ಬಿಚ್ಚಿದರೆ ಒಳಗೆ ನೂಲಿನ ಧೂಳು ಕಂಬಳಿಯಂತೆ ಗಟ್ಟಿಯಾಗಿ ಕೂತಿತ್ತು. ಕೊಳವೆ ಕಳಚಿ ನೋಡಿದರೆ, ಯಂತ್ರಕ್ಕೆ ಹತ್ತಿದ ತುದಿಯ ಧೂಳು ಕರ್ರಗಾಗಿತ್ತು.

“ಬಿಸಿಗಾಳಿ ಹೊರಗ ಹೋಗಲಿಕ್ಕ ದಾರಿ ಇಲ್ಲ. ಒಳಗ ಕಾವು ಹೆಚ್ಚಾದ ಕೂಡ್ಲೇ ಕರೆಂಟ್ ಕಡೀಲಿಕ್ಕೇ ಆ ಸಾಮಾನು ಇಟ್ಟಿರ್ತಾರ. ಅದು ಕೆಟ್ಟಿದ್ದಿಲ್ಲ ಬಾಬಣ್ಣ, ತನ್ನ ಕೆಲಸ ಮಾಡ್ತಿತ್ತು. ಈ ಧೂಳಿಗೆ ಒಂದ ಕಿಡಿ ಸಾಕು, ಕರ್ಪೂರಧಂಗ ಹತ್ಕೋತದ.”

ಬಾಬು ಇನ್ನೂ ಸೋಲಲಿಲ್ಲ. “ಮನ್ಯಾಗ ಫ್ಯೂಸ್ ಹ್ವಾದ್ರೂ ನಾ ದಪ್ಪ ತಂತಿನೇ ಹಾಕ್ತೀನಿ. ಇಷ್ಟ ದಿನ ಏನಾಗ್ಯದ?”

ಸಕ್ಕುಬಾಯಿ ಕೌದಿಯ ಕಲೆಯ ಮೇಲೆ ಕೈಯಾಡಿಸುತ್ತಿದ್ದಳು. “ಏ ಮಬ್ಬ, ನಾಯಿ ಬೊಗಳಿದ್ರ ಕಳ್ಳ ಎಲ್ಲಿ ಬಂದಾನಂತ ನೋಡಬೇಕು. ನೀ ನಾಯಿ ಬಾಯಿ ಕಟ್ಟಿ, ಹೆತ್ತವ್ವನ್ನ ಬಾಗಲದಾಗ ಮಲಗಿಸಿದಿ.”

ಬಾಬು ಡ್ರೈಯರಿನ ಪ್ಲಗ್ ಕಿತ್ತು, ತಾನು ಹಾಕಿದ ತಂತಿಯನ್ನು ತಾನೇ ತೆಗೆದ.

ಸುಲಭಾ ಮೇನ್ ಸ್ವಿಚ್ ಮತ್ತೆ ಹಾಕಿ, ತನ್ನ ಮನೆಯ ಫ್ಯಾನು ತಂದಳು. ಕೋಣೆಯ ತುಂಬ ಹಗ್ಗ ಕಟ್ಟಿದರು, ಇಸ್ತ್ರಿ ಎಳೆದರು. ಬೆಳಗಾದಾಗ ಒಣಗಿದ್ದು ನಲವತ್ತೇ ಚಾದರ. ಬಾಬು ನರ್ಸಿಂಗ್ ಹೋಮಿಗೆ ಹೋಗಿ ಇದ್ದದ್ದು ಇದ್ದಂತೆ ಹೇಳಿದ. ದೊಡ್ಡ ನರ್ಸ್‌ಬಾಯಿ ಗೊಣಗಿದಳು. “ಉಳಿದದ್ದು ನಾಳೆ ಬರಲೇಬೇಕು” ಎಂದು ತೆಗೆದುಕೊಂಡಳು. ಎರಡು ದಿನದಲ್ಲಿ ಮೆಕ್ಯಾನಿಕ್ ಏಕನಾಥ ಬಂದು, ಕಾವಿಗೆ ಕಮರಿದ ತಂತಿಗಳನ್ನೆಲ್ಲ ಬದಲಿಸಿ, ಕಾವು ತಿಂದ ಆ ಗುಂಡಿಯಂಥ ಸಾಮಾನಿನ ಬದಲು ಸರಿಯಾದ ಹೊಸದನ್ನು ಹಾಕಿದ. ಕೊಳವೆಯ ಧೂಳನ್ನೆಲ್ಲ ತೆಗೆದು, ಅದರ ಬಾಯನ್ನು ಹಂಡೆಯಿಂದ ದೂರ, ಗಟಾರದ ಕಡೆ ತಿರುಗಿಸಿದ. ಸಕ್ಕುಬಾಯಿ ಬೈಯುತ್ತಲೇ ನಾಲ್ಕು ಮಾರು ಆಚೆ ಕೂತಳು. ಶಿವಕಾಂತಾ ಅಂದು ಒಂದೇ ಜಾಗದಲ್ಲಿ ಕೂತು, ಚಹಾ ಆರುವ ಮೊದಲೇ ಕುಡಿದು ಮುಗಿಸಿದಳು.

ಅಕ್ಕಂದಿರೇ, ಅಣ್ಣಂದಿರೇ, ಇಂಥ ತುಂಡು ತಂತಿ ನಿಮ್ಮ ಮನೆಯಲ್ಲೂ ಇದೆಯೇ? ಬಾಗಿಲು ತೆರೆದರೂ ತಿರುಗುವಂತೆ ಯಂತ್ರದ ಬಾಗಿಲಿನ ಸ್ವಿಚ್ಚಿಗೆ ಯಾರಾದರೂ ಟೇಪ್ ಅಂಟಿಸಿದ್ದಾರೆಯೇ? ಇಂದೇ ಬಳಕೆ ನಿಲ್ಲಿಸಿ, ಬಲ್ಲವರನ್ನು ಕರೆದು ಸರಿಮಾಡಿಸಿ. ಡ್ರೈಯರಿನ ಜಾಲರಿಯ ಧೂಳನ್ನು ಪ್ರತಿ ಸಲ ತೆಗೆಯಿರಿ, ಗಾಳಿಯ ದಾರಿ ಮುಚ್ಚಬೇಡಿ, ಅದನ್ನು ಓಡಲು ಬಿಟ್ಟು ಮಲಗಬೇಡಿ. ಸುಟ್ಟ ವಾಸನೆ ಬಂದಾಗ, ಕೈಗೆಟಕುವಂತಿದ್ದರೆ ಮೇನ್ ಸ್ವಿಚ್ ಇಳಿಸಿ. ಹೊಗೆ ಕಂಡರೆ ಯಂತ್ರದ ಬಾಗಿಲು ತೆರೆಯಬೇಡಿ, ನೀರು ಎರಚಬೇಡಿ. ಎಲ್ಲರನ್ನೂ ಹೊರಗೆ ಕರೆದುಕೊಂಡು ಬಂದು ಅಗ್ನಿಶಾಮಕ ದಳದ 101ಕ್ಕೆ ಫೋನ್ ಮಾಡಿ. ತಾನಾಗಿ ನಿಂತ ಯಂತ್ರವನ್ನು ಹಟಕ್ಕೆ ಬಿದ್ದು ಓಡಿಸಬೇಡಿ. ಯಾಕೆ ನಿಂತಿತು ಎಂದು ಮೊದಲು ಕೇಳಿ.