ಅಕ್ಕನ ವೆಬ್‌ಸೈಟು ಮತ್ತು ನನ್ನ ಹಳೇ ಪಿಎಚ್‌ಪಿ

ನಾನೊಮ್ಮೆ ಗಟ್ಟಿಯಾಗಿ ಸೀನಿದರೆ ಏಳು ಸಮುದ್ರದಾಚೆಯ ಕಳ್ಳರೂ ಕೀಬೋರ್ಡು ಬಿಸಾಕಿ ಮಂಚದಡಿ ಸೇರುತ್ತಾರೆ. ನಂಬದಿದ್ದರೆ ಬಿಡಿ. ನನ್ನ ಅಂಗಡಿಯ ಹಿಂದಿನ ಕೋಣೆಯಲ್ಲಿ ನಾನು ಸರ್ವರ್ ನಡೆಸುತ್ತೇನೆ. ಪೇಟೆಯವರ ವೆಬ್‌ಸೈಟುಗಳೆಲ್ಲ ಅದರ ಮೇಲೇ ಇವೆ. ಕೋಣೆಗೆ ಆನೆ ಗುದ್ದಿದರೂ ಜಗ್ಗದ ಬೀಗ ಹಾಕಿದ್ದೆ.

ಅಲ್ಲಿ ನಮ್ಮ ಅಕ್ಕನ ವೆಬ್‌ಸೈಟೂ ಇತ್ತು. ಪಾದ ಸೊಟ್ಟಗಿರುವ ಮಕ್ಕಳಿಗೆ ಅಕ್ಕ ಅಳತೆಯ ಬೂಟು ಹೊಲಿಯುತ್ತಾಳೆ. ದೂರದ ತಂದೆತಾಯಂದಿರು ಮಗುವಿನ ಪಾದದ ಫೋಟೋ, ಅಳತೆ, ಮನೆ ವಿಳಾಸ ಎಲ್ಲವನ್ನೂ ಅದರಲ್ಲೇ ಕಳಿಸುತ್ತಿದ್ದರು. ಆ ಆರ್ಡರ್ ತೆಗೆದುಕೊಳ್ಳುವ ಪ್ರೋಗ್ರಾಮು ನಾನೇ ಬರೆದದ್ದು ಎಂದು ಪೇಟೆಗೆಲ್ಲ ಹೇಳಿಕೊಂಡಿದ್ದೆ.

ಒಂದು ದಿನ ನಾದಿನಿ ಬಂದಳು. ಅವಳದೂ ಬೇರೊಂದು ಕಂಪನಿಯಲ್ಲಿ ಸರ್ವರ್ ನೋಡಿಕೊಳ್ಳುವ ಕೆಲಸವೇ. ನನ್ನ ಪರದೆ ನೋಡಿದವಳೇ ಹಣೆ ಚಚ್ಚಿಕೊಂಡಳು.

“ಭಾವ, ಯಾವ ಕಾಲದ ಪಿಎಚ್‌ಪಿ ಇದು? ಈ ವರ್ಷನ್‌ಗೆ ಸಪೋರ್ಟ್ ನಿಂತು ಎಷ್ಟೋ ವರ್ಷ ಆಯ್ತಲ್ಲ!”

“ಓಡೋ ಗಾಡಿ ಕಣಮ್ಮ. ಸುಮ್ನೆ ಯಾಕೆ ಬಿಚ್ಚೋದು?”

“ವೆಬ್‌ಸೈಟ್ ಓಡ್ಸೋದೇ ಈ ಪಿಎಚ್‌ಪಿ. ಅದ್ರಲ್ಲಿ ಆಗಾಗ ತೂತು ಸಿಗ್ತಾ ಇರುತ್ತೆ. ಸಪೋರ್ಟ್ ಇರೋ ವರ್ಷನ್‌ಗೆ ಅದನ್ನ ಮಾಡಿದೋರೇ ತೇಪೆ ಹಾಕಿ ಕಳಿಸ್ತಾರೆ. ಇದಕ್ಕೆ ಯಾರೂ ಹಾಕಲ್ಲ. ತೂತು ಎಲ್ಲಿದೆ ಅನ್ನೋದು ಮಾತ್ರ ಕಳ್ಳರಿಗೆಲ್ಲ ಗೊತ್ತು.”

“ನನ್ನ ಬೀಗ ನೋಡಿದ್ಯಾ?”

“ಕಳ್ಳ ಬಾಗಿಲಲ್ಲಿ ಬರ್ತಾನಾ ಭಾವ? ತಂತೀಲಿ ಬರ್ತಾನೆ.”

ನಾನು ನಕ್ಕುಬಿಟ್ಟೆ. ಆ ನಗುವನ್ನು ವಾಪಸು ನುಂಗುವಂತಿದ್ದರೆ!

ಕೆಲವೇ ವಾರಗಳಲ್ಲಿ ಅಕ್ಕನ ವೆಬ್‌ಸೈಟು ತೆರೆದವರಿಗೆ ಜೂಜಿನ ಜಾಹೀರಾತು ಕಾಣತೊಡಗಿತು. ಆಮೇಲೆ ಬ್ರೌಸರೇ ‘ಅಪಾಯ’ ಎಂದು ಕೆಂಪು ಪುಟ ತೋರಿಸಿತು. ಕೊನೆಗೆ ಅಕ್ಕನಿಗೆ ಒಬ್ಬ ತಾಯಿಯ ಫೋನು ಬಂತು.

“ನಿಮ್ಮನ್ನ ನಂಬಿ ಮಗು ಫೋಟೋ ಕಳಿಸಿದ್ದು. ಅದೀಗ ಯಾರ ಕೈಲಿದೆ?”

ಅಕ್ಕ ಅರ್ಧ ಹೊಲಿದ ಪುಟ್ಟ ಬೂಟನ್ನು ಮಡಿಲಲ್ಲಿಟ್ಟುಕೊಂಡು ಹಾಗೇ ಕೂತಳು.

ನಾದಿನಿ ಓಡಿಬಂದು ಎಲ್ಲವನ್ನೂ ನಿಲ್ಲಿಸಿದಳು. ಕೆಡದ ಹಳೆಯ ಬ್ಯಾಕಪ್ ಹುಡುಕಿದಳು. ಅದರ ಪ್ರತಿಯನ್ನು ಸಪೋರ್ಟ್ ಇರುವ ಪಿಎಚ್‌ಪಿಯಲ್ಲಿ ಓಡಿಸಿ ನೋಡಿ, ತಪ್ಪು ತಿದ್ದಿ, ಪಾಸ್‌ವರ್ಡುಗಳನ್ನೆಲ್ಲ ಬದಲಿಸಿ ಮತ್ತೆ ತೆರೆದಳು. ವೆಬ್‌ಸೈಟು ಮರಳಿತು. ಕಳ್ಳರ ಪಾಲಾದ ಫೋಟೋಗಳು ಮಾತ್ರ ಮರಳಲಿಲ್ಲ. ಆ ತಾಯಿ ಮತ್ತೆ ಆರ್ಡರ್ ಕಳಿಸಲಿಲ್ಲ.

ಆದರೂ ನನ್ನ ಬಾಯಿ ಸುಮ್ಮನಿರಬೇಕಲ್ಲ! “ಅಕ್ಕಾ, ಕಳ್ಳರ ಸೈನ್ಯಾನೇ ನುಗ್ಗಿತ್ತು ಕಣೇ. ನಾನಾಗಿದ್ದಕ್ಕೆ ಇಷ್ಟರಲ್ಲೇ ತಡೆದೆ.”

“ಸೈನ್ಯ ಎಲ್ಲಿಂದ ಬಂತು ಭಾವ? ತೂತಿರೋ ಸರ್ವರ್ ಹುಡುಕ್ಕೊಂಡು ಅಲೆಯೋ ಒಂದು ಪುಟ್ಟ ಪ್ರೋಗ್ರಾಮು ಅಷ್ಟೇ. ನಾನು ಅವತ್ತೇ ಬಡ್ಕೊಂಡೆ.”

ಅಕ್ಕ ತಲೆ ಎತ್ತಿದಳು. “ಅವಳು ಮೊದ್ಲೇ ಹೇಳಿದ್ಲಾ? ಮತ್ಯಾಕೋ ಬದಲಾಯಿಸ್ಲಿಲ್ಲ?”

“ಹೊಸ ವರ್ಷನ್ ಹಾಕಿದ್ರೆ ಎಲ್ಲರ ವೆಬ್‌ಸೈಟೂ ಕೆಟ್ಟುಹೋಗುತ್ತೆ ಅಂತ...”

“ಕೆಡ್ತಿದ್ದದ್ದು ನಿಮ್ಮ ಆರ್ಡರ್ ಪ್ರೋಗ್ರಾಮ್ ಒಂದೇ,” ಅಂದಳು ನಾದಿನಿ. “ನೀವೇ ಬರ್ದಿದ್ದಲ್ವಾ? ಕೂತು ಸರಿ ಮಾಡ್ಬಹುದಿತ್ತು.”

ಇಂಥ ಹೊತ್ತಲ್ಲಿ ಜಾಣರು ಮಾತು ತಿರುಗಿಸುತ್ತಾರೆ. ಅದಕ್ಕೇ ಓದುಗರೇ, ನಿಮಗೇ ಹೇಳುತ್ತೇನೆ: ನಿಮಗೊಂದು ವೆಬ್‌ಸೈಟು ಇದ್ದರೆ, ಅದನ್ನು ನಡೆಸುವವರನ್ನು ಇವತ್ತೇ ಕೇಳಿ. ‘ನಮ್ಮ ಪಿಎಚ್‌ಪಿ ಯಾವ ವರ್ಷನ್? ಅದಕ್ಕೆ ಸಪೋರ್ಟ್ ಎಂದಿನವರೆಗೆ?’ ಸಪೋರ್ಟ್ ಮುಗಿದಿದ್ದರೆ ಬ್ಯಾಕಪ್ ತೆಗೆಸಿ, ಪ್ರತಿಯ ಮೇಲೆ ಪರೀಕ್ಷೆ ಮಾಡಿಸಿ, ಬದಲಾಯಿಸಿ. ನೆಪ ಹೇಳಿದರೆ ಬಿಡಬೇಡಿ...

“ಅವರಿಗೆ ಆಮೇಲೆ ಹೇಳು,” ಅಂದಳು ಅಕ್ಕ. “ಮೊದ್ಲು ನಂಗೆ ಹೇಳು.”

ಹೇಳಿದೆ.

“ಆ ಪ್ರೋಗ್ರಾಮು ನಾನು ಬರೆದದ್ದಲ್ಲಕ್ಕ. ಯಾರದ್ದೋ ನಕಲು. ಕೆಟ್ರೆ ಸರಿ ಮಾಡೋಕೆ ನಂಗೆ ಬರಲ್ಲ. ಅದು ನಿಂಗೆ ಗೊತ್ತಾಗುತ್ತೆ ಅಂತ ಹೆದರಿದೆ.”